ನೋಟಕ್ಕೋ ಹಿಡಿತಕ್ಕೋ: ಬೆಂಗಳೂರಿನ ರಸ್ತೆಗೆ ಸಸ್ಪೆನ್ಷನ್, ಅಲಾಯ್ ಆರಿಸುವ ಬಗೆ

ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಪದೇ ಪದೇ ಕೇಳಿಬರುವ ಬೇಡಿಕೆ ಒಂದಿದೆ: ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಆ ಖಾಲಿ ಜಾಗ ಹೋಗಬೇಕು, ಗಾಡಿ ನೆಲಕ್ಕೆ ಕೂತ ಹಾಗೆ ಕಾಣಬೇಕು. ಅದರ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ: ಇಳಿಸಿದರೆ ಹ್ಯಾಂಡ್ಲಿಂಗ್ ಕೂಡ ಚೆನ್ನಾಗಾಗುತ್ತದೆ ಅಲ್ಲವೇ? ಒಂದು ಮಿತಿಯವರೆಗೆ ಮಾತ್ರ ಹೌದು. ಗಾಡಿ 20-25 ಮಿ.ಮೀ. ಇಳಿಯುವ ತನಕ, ರಿಮ್ ಒಂದು ಇಂಚು ಹಿಗ್ಗುವ ತನಕ ನೋಟ ಮತ್ತು ಹಿಡಿತ ಜೊತೆಜೊತೆಗೇ ಸಾಗುತ್ತವೆ. ಅದರಾಚೆಗೆ ಕಣ್ಣಿಗೆ ಸಿಕ್ಕಷ್ಟನ್ನೂ ರಸ್ತೆಯ ಮೇಲೆ ಕಳೆದುಕೊಳ್ಳುತ್ತೀರಿ. ನಯವಾದ ರಸ್ತೆಗಳ ಊರಿನಲ್ಲಿ ಈ ಮಿತಿ ಇನ್ನೂ ಸ್ವಲ್ಪ ದೂರ ಇರುತ್ತಿತ್ತು. ಹಂಪ್, ಗುಂಡಿ, ಮೇಲೆದ್ದ ಮ್ಯಾನ್‌ಹೋಲ್, ವೈಟ್ ಟಾಪಿಂಗ್ ಮುಗಿಯುವಲ್ಲಿ ಸಿಗುವ ಕಾಂಕ್ರೀಟ್ ಅಂಚು ಎಲ್ಲವೂ ಒಂದೇ ದಾರಿಯಲ್ಲಿ ಎದುರಾಗುವ ಬೆಂಗಳೂರಿನಲ್ಲಿ ಅದು ಬಲುಬೇಗ ಬರುತ್ತದೆ.

ಮಿತಿ ಎಲ್ಲಿದೆ ಎಂದು ಹೇಳುವುದು ಸಸ್ಪೆನ್ಷನ್‌ನ ಓಡಾಟ, ಅಂದರೆ ಚಕ್ರ ಮೇಲಕ್ಕೆ ಬಂದು, ಶಾಕ್ (ಶಾಕ್ ಅಬ್ಸಾರ್ಬರ್) ರಾಡಿನ ಮೇಲೆ ಕೊನೆಯ ಹೊಡೆತ ತಡೆಯಲೆಂದು ಇರುವ ಫೋಮ್ ತುಂಡು, ಅಂದರೆ ಬಂಪ್ ಸ್ಟಾಪ್‌ಗೆ ತಾಗುವ ಮುನ್ನ ಸಿಗುವ ಜಾಗ. ಗಾಡಿ ಇಳಿಸಿದಾಗ ಖರ್ಚಾಗುವುದು ಇದೇ. ಸ್ಪ್ರಿಂಗ್ ಎಷ್ಟು ದುಬಾರಿಯದ್ದಾದರೂ ಈ ಲೆಕ್ಕ ಬದಲಾಗುವುದಿಲ್ಲ.

ದುಡ್ಡು ಕೊಡುವ ಮುನ್ನ ಅಳತೆ

ಟೈರಿನ ಮೇಲೆ ಎಷ್ಟು ಬೆರಳು ಹಿಡಿಯುತ್ತದೆ ಎಂದು ನೋಡುವುದರಿಂದ ಪ್ರಯೋಜನವಿಲ್ಲ. ಟೈರ್ ಬದಲಾದರೆ ಆ ಲೆಕ್ಕವೂ ಬದಲಾಗುತ್ತದೆ. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ನೇರ ಮೇಲೆ ಮಡ್‌ಗಾರ್ಡ್ ಅಂಚಿನ ತನಕ ನಾಲ್ಕೂ ಕಡೆ ಟೇಪ್ ಹಿಡಿದು ಬರೆದಿಟ್ಟುಕೊಳ್ಳಿ. ಅಂಗಡಿಯವರು 35 ಮಿ.ಮೀ. ಎಂದು ಕೊಟ್ಟ ಸ್ಪ್ರಿಂಗ್ ನಿಮ್ಮ ಗಾಡಿಯಲ್ಲಿ 50 ಇಳಿದರೆ ಅದು ಗೊತ್ತಾಗುವುದು ಈ ಚೀಟಿಯಿಂದ ಮಾತ್ರ.

ಎರಡನೆಯ ಅಳತೆ ಓಡಾಟದ್ದು. ಮುಂದಿನ ಶಾಕ್‌ನ ಡಸ್ಟ್ ಕವರ್ ಮೇಲಕ್ಕೆ ಸರಿಸಿ, ಒಳಗಿನ ಹೊಳೆಯುವ ರಾಡಿಗೆ ತೆಳ್ಳನೆಯ ಪ್ಲಾಸ್ಟಿಕ್ ಕೇಬಲ್ ಟೈ ಸುತ್ತಿ, ಬೆರಳಲ್ಲಿ ತಳ್ಳಿದರೆ ಜಾರುವಷ್ಟು ಬಿಗಿ ಮಾಡಿ. ಅದನ್ನು ಶಾಕ್‌ನ ದೇಹಕ್ಕೆ ತಾಗುವವರೆಗೆ ಕೆಳಕ್ಕೆ ಸರಿಸಿ. ನೀವು ದಿನಾ ಹೋಗುವ ದಾರಿಯಲ್ಲಿ, ದಿನಾ ಹೋಗುವ ವೇಗದಲ್ಲಿ, ಸಾಮಾನ್ಯವಾಗಿ ಕೂರುವಷ್ಟು ಜನರ ಜೊತೆ ಒಂದು ಸಲ ಹೋಗಿಬನ್ನಿ. ಶಾಕ್ ಕುಗ್ಗಿದಾಗ ಟೈ ಮೇಲಕ್ಕೆ ತಳ್ಳಲ್ಪಟ್ಟು ಅಲ್ಲೇ ನಿಂತಿರುತ್ತದೆ. ಶಾಕ್‌ನ ತಲೆಯಿಂದ ಟೈವರೆಗಿನ ಅಂತರ ನೀವು ಬಳಸಿದ ಓಡಾಟ. ಟೈನಿಂದ ಬಂಪ್ ಸ್ಟಾಪ್‌ವರೆಗಿನದು ಉಳಿತಾಯ. ಆ ಉಳಿತಾಯ 20 ಮಿ.ಮೀ. ಇದ್ದರೆ, ಅದೇ ಗಟ್ಟಿತನದ ಸ್ಪ್ರಿಂಗ್‌ನಲ್ಲಿ 20ಕ್ಕಿಂತ ಹೆಚ್ಚು ಇಳಿಸಿದ ಗಾಡಿ ದಿನವೂ ಸ್ಟಾಪ್‌ಗೆ ಬಡಿಯುತ್ತದೆ. ಈ ಪರೀಕ್ಷೆಗೆ ತಗಲುವ ಖರ್ಚು ಒಂದು ಕೇಬಲ್ ಟೈ; ಆದರೂ ಮಾಡುವವರು ಅಪರೂಪ.

ಮೂರನೆಯದು ತಳದ ಲೆಕ್ಕ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಶಿಫಾರಸಿನ ಹಂಪ್ 10 ಸೆಂ.ಮೀ. ಎತ್ತರ, 3.7 ಮೀ. ಉದ್ದ, 17 ಮೀ. ತ್ರಿಜ್ಯದ ಕಮಾನು, 25 ಕಿ.ಮೀ. ವೇಗದಲ್ಲಿ ದಾಟಲೆಂದು ಮಾಡಿದ್ದು. 2,450 ಮಿ.ಮೀ. ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ದೂರ) ಇರುವ ಸ್ವಿಫ್ಟ್‌ನಂಥ ಗಾಡಿ ಇಂಥ ಹಂಪ್ ಮೇಲೆ ನಿಂತಾಗ ನಾಲ್ಕೂ ಚಕ್ರ ಕಮಾನಿನ ಮೇಲೇ ಇರುತ್ತವೆ, ನಡುವಿನ ಉಬ್ಬು ತಳದಿಂದ ಕಿತ್ತುಕೊಳ್ಳುವುದು 44 ಮಿ.ಮೀ. ಮಾತ್ರ. ಆದರೆ ಬಡಾವಣೆಯ ಅಡ್ಡರಸ್ತೆಗಳಲ್ಲಿ ಸಿಗುವುದು ಒಂದು ಮೀಟರ್ ಅಗಲವೂ ಇಲ್ಲದ ದಿಣ್ಣೆ. ಅದು ಎರಡು ಆಕ್ಸಲ್‌ಗಳ ನಡುವೆ ಇಡಿಯಾಗಿ ಕೂರುವುದರಿಂದ ಪೂರ್ತಿ 100 ಮಿ.ಮೀ. ತಿನ್ನುತ್ತದೆ. 163 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್‌ನಿಂದ 30 ಇಳಿಸಿ, ನಾಲ್ಕು ಜನ ಕೂತು ಇನ್ನೊಂದು 35 ಕುಗ್ಗಿತು ಎನ್ನಿ: ಉಳಿಯುವುದು 98. ನಿಧಾನವಾಗಿ ಹೋದರೂ ಸೈಲೆನ್ಸರ್ ಪೈಪ್ ಉಜ್ಜುತ್ತದೆ. ನಿಮ್ಮ ಮನೆಯ ದಾರಿಯ ಅತಿ ಕೆಟ್ಟ ಹಂಪ್ ಯಾವುದು, ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ಇಳಿಜಾರು ಮುಗಿಯುವಲ್ಲಿ ಅಂಚು ಎಷ್ಟು ಚೂಪಾಗಿದೆ, ಇವೆರಡನ್ನು ನೋಡದೆ ಎಷ್ಟು ಇಳಿಸಬೇಕೆಂದು ತೀರ್ಮಾನಿಸಬೇಡಿ.

ಇಳಿಸಿದ ಗಾಡಿಯ ಒಳಗೆ

ನೆಲಕ್ಕೆ ಹತ್ತಿರವಾದ ಗಾಡಿ ತಿರುವಿನಲ್ಲಿ ಕಡಿಮೆ ವಾಲುತ್ತದೆ ಎಂಬುದು ಎಲ್ಲರ ನಂಬಿಕೆ. ಸ್ಪ್ರಿಂಗ್, ಶಾಕ್ ಎರಡೂ ಒಂದೇ ಕಂಬದಲ್ಲಿ ಕೂರುವ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಗಾಡಿಗಳಲ್ಲಿ, ಅಂದರೆ ಇಲ್ಲಿನ ಹೆಚ್ಚುಕಡಿಮೆ ಎಲ್ಲ ಹ್ಯಾಚ್‌ಬ್ಯಾಕ್ ಮತ್ತು ಸಣ್ಣ ಸೆಡಾನ್‌ಗಳಲ್ಲಿ, ಇದು ಅಷ್ಟು ಸರಳವಲ್ಲ. ಕಂಪನಿಯ ಎತ್ತರದಲ್ಲಿ, ಚಕ್ರವನ್ನು ಗಾಡಿಯ ತಳಕ್ಕೆ ಸೇರಿಸುವ ಲೋವರ್ ಆರ್ಮ್ ಸಮತಲವಾಗಿಯೋ, ಚಕ್ರದ ಕಡೆಗೆ ಸ್ವಲ್ಪ ಕೆಳಮುಖವಾಗಿಯೋ ಇರುತ್ತದೆ. 40-50 ಮಿ.ಮೀ. ಇಳಿಸಿದಾಗ ಚಕ್ರದ ಕಡೆಯ ತುದಿ ಮೇಲೇಳುತ್ತದೆ. ಆಗ ಗಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ರೋಲ್ ಸೆಂಟರ್, ಗುರುತ್ವ ಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತದೆ. ಎರಡರ ನಡುವಿನ ಅಂತರ ಹೆಚ್ಚಾಗಿ, ಅದೇ ಸ್ಪ್ರಿಂಗ್ ಇಟ್ಟುಕೊಂಡರೆ ಗಾಡಿ ಮೊದಲಿಗಿಂತ ಜಾಸ್ತಿಯೇ ವಾಲುತ್ತದೆ. ವಾಲುವುದು ನಿಂತ ಹಾಗೆ ಅನ್ನಿಸುತ್ತಿದ್ದರೆ ಹೆಚ್ಚಿನ ಸಲ ಅದಕ್ಕೆ ಕಾರಣ ಬಂಪ್ ಸ್ಟಾಪ್.

ಬಂಪ್ ಸ್ಟಾಪ್ ಮೇಲೆ ಓಡುವ ಗಾಡಿ ನಿಂತಾಗ ಗೊತ್ತಾಗುವುದಿಲ್ಲ. ನಂದಿ ಬೆಟ್ಟದ ತಿರುವುಗಳಲ್ಲಿ ಗೊತ್ತಾಗುತ್ತದೆ. ತಿರುವಿನ ನಡುವೆ ಸಣ್ಣದೊಂದು ತಗ್ಗು ಸಿಕ್ಕಿ ಹೊರಬದಿಯ ಶಾಕ್ ಸ್ಟಾಪ್‌ಗೆ ತಾಗಿದ ಕ್ಷಣದಲ್ಲಿ ಆ ಮೂಲೆ ಒಮ್ಮೆಲೇ ಹಲವು ಪಟ್ಟು ಗಟ್ಟಿಯಾಗುತ್ತದೆ. ಮುಂದಿನ ಚಕ್ರದಲ್ಲಾದರೆ ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೇರ ಹೊರಕ್ಕೆ ಓಡುತ್ತದೆ. ಹಿಂದಿನದರಲ್ಲಾದರೆ ಬೆನ್ನು ಎಗರುತ್ತದೆ. ಅದು ಇನ್ನೂ ಅಪಾಯ.

ಇನ್ನೊಂದು ಲೆಕ್ಕ. ಸ್ಟಾಪ್‌ವರೆಗಿನ ಓಡಾಟ 60 ಮಿ.ಮೀ. ಇದ್ದದ್ದು 30ಕ್ಕೆ ಇಳಿದರೆ, ಅದೇ ಹೊಡೆತವನ್ನು ಸ್ಟಾಪ್‌ಗೆ ತಾಗದೆ ತಡೆಯಲು ಸ್ಪ್ರಿಂಗ್ ನಾಲ್ಕು ಪಟ್ಟು ಗಟ್ಟಿ ಇರಬೇಕು. ಮಾರುಕಟ್ಟೆಯ ಲೋವರಿಂಗ್ ಸ್ಪ್ರಿಂಗ್‌ಗಳು ಅಷ್ಟು ಗಟ್ಟಿ ಇರುವುದಿಲ್ಲ, ಇದ್ದರೆ ಯಾರೂ ಕೊಳ್ಳುವುದೂ ಇಲ್ಲ. ಮಿಕ್ಕ ಕೆಲಸವನ್ನು ಆ ಸಣ್ಣ ಫೋಮ್ ತುಂಡೇ ಮಾಡಬೇಕಾಗುತ್ತದೆ. ಅದು ಕೆಲವೇ ತಿಂಗಳಲ್ಲಿ ಪುಡಿಪುಡಿಯಾಗಿ ಉದುರಿದರೆ ಆಶ್ಚರ್ಯವಿಲ್ಲ.

ಸ್ಪ್ರಿಂಗ್ ಮತ್ತು ಶಾಕ್: ಯಾವುದು ಏನು ಕೊಡುತ್ತದೆ

ಸ್ಪ್ರಿಂಗ್ ಕತ್ತರಿಸುವುದು, ಗ್ಯಾಸ್ ಇಟ್ಟು ಕಾಯಿಸಿ ಕೂರಿಸುವುದು: ಎರಡೂ ಬೇಡ. ಆರು ಸುತ್ತಿನ ಸ್ಪ್ರಿಂಗ್‌ನಲ್ಲಿ ಒಂದು ಸುತ್ತು ಕತ್ತರಿಸಿದರೆ ಗಟ್ಟಿತನ ಶೇ. 20 ಹೆಚ್ಚುತ್ತದೆ ಎಂಬುದೇನೋ ನಿಜ. ಆದರೆ ಕತ್ತರಿಸಿದ ತುದಿ ಸೀಟಿನಲ್ಲಿ ಸರಿಯಾಗಿ ಕೂರುವುದಿಲ್ಲ, ಗುಂಡಿಯಲ್ಲಿ ಚಕ್ರ ಕೆಳಗೆ ಜೋತಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ತಪ್ಪುತ್ತದೆ. ಕಾಯಿಸಿದ ಸ್ಪ್ರಿಂಗ್‌ನ ಉಕ್ಕು ತನ್ನ ಹದ ಕಳೆದುಕೊಂಡು ದಿನದಿಂದ ದಿನಕ್ಕೆ ಕುಸಿಯುತ್ತದೆ, ಕೊನೆಗೆ ಮುರಿಯುತ್ತದೆ.

ಕಂಪನಿ ಶಾಕ್ ಹಾಗೇ ಇಟ್ಟು ಲೋವರಿಂಗ್ ಸ್ಪ್ರಿಂಗ್ ಮಾತ್ರ ಹಾಕಿಸುವುದು ಅತಿ ಹೆಚ್ಚು ಜನ ಹಿಡಿಯುವ ದಾರಿ. ಐಬಾಕ್ ಪ್ರೊ-ಕಿಟ್, ಎಚ್ ಅಂಡ್ ಆರ್, ಕೋಬ್ರಾದಂಥ ಸೆಟ್‌ಗಳು ಈ ಗುಂಪಿನವು. 25 ಮಿ.ಮೀ. ಒಳಗೆ, ಹೊಸ ಶಾಕ್‌ಗಳ ಮೇಲೆ ಇದು ಒಪ್ಪುವ ರಾಜಿ. ಸ್ಪ್ರಿಂಗ್ ಶೇ. 30 ಗಟ್ಟಿಯಾದರೆ ಶಾಕ್ ಸುಮಾರು ಶೇ. 14 ಹೆಚ್ಚು ತಡೆ ಕೊಡಬೇಕು. ಕಂಪನಿ ಶಾಕ್ ಹೊಸದಿದ್ದಾಗ ಹೇಗೋ ನಿಭಾಯಿಸುತ್ತದೆ. 50 ಸಾವಿರ ಕಿ.ಮೀ. ಓಡಿದ ಶಾಕ್ ಮೇಲೆ ಹೊಸ ಗಟ್ಟಿ ಸ್ಪ್ರಿಂಗ್ ಕೂರಿಸಿದರೆ ಹಂಪ್ ದಾಟಿದ ಮೇಲೂ ಗಾಡಿ ಎರಡು ಮೂರು ಸಲ ತೂಗುತ್ತದೆ, ಸ್ವಲ್ಪ ದಿನಕ್ಕೇ ಶಾಕ್‌ನಿಂದ ಎಣ್ಣೆ ಒಸರುತ್ತದೆ. ಅಂಥವರು ಶಾಕ್ ದುಡ್ಡನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು.

ಸ್ಪ್ರಿಂಗ್ ಜೊತೆ ಅದಕ್ಕೆ ಹೊಂದುವ ಗಿಡ್ಡ ಶಾಕ್ ಹಾಕಿಸುವುದು ನೋಟ ಮತ್ತು ಹಿಡಿತ ಎರಡೂ ಬೇಕೆನ್ನುವವರಿಗೆ ಸರಿಯಾದ ಜೋಡಿ. ಬಿಲ್‌ಸ್ಟೈನ್‌ನಲ್ಲಿ ಬಿ8 ಇಳಿಸಿದ ಸ್ಪ್ರಿಂಗ್‌ಗೆಂದೇ ಮಾಡಿದ್ದು, ಬಿ6 ಕಂಪನಿ ಎತ್ತರದ ಸ್ಪ್ರಿಂಗ್‌ಗೆ. ಎರಡನ್ನೂ ಅದಲುಬದಲು ಮಾಡಿ ಮಾರುವುದುಂಟು, ಡಬ್ಬಿಯ ಮೇಲಿನ ನಂಬರ್ ನೋಡಿಯೇ ತೆಗೆದುಕೊಳ್ಳಿ. ಶಾಕ್ ಗಿಡ್ಡದಿದ್ದರೆ ಬಂಪ್ ಸ್ಟಾಪ್‌ಗೆ ಮುಂಚಿನ ಓಡಾಟ ಒಂದಿಷ್ಟು ವಾಪಸ್ ಸಿಗುತ್ತದೆ, ಚಕ್ರ ಜೋತಾಗಲೂ ಸ್ಪ್ರಿಂಗ್ ಬಿಗಿಯಾಗಿಯೇ ಇರುತ್ತದೆ.

ಕಾಯಿಲೋವರ್, ಅಂದರೆ ಎತ್ತರ ಹೊಂದಿಸಬಲ್ಲ ಸ್ಪ್ರಿಂಗ್-ಶಾಕ್ ಸೆಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಏಕೆಂದರೆ ದುಡ್ಡು ಹೆಚ್ಚು ಪೋಲಾಗುವುದು ಇಲ್ಲೇ. ಎತ್ತರ ಬೇಕಾದ ಹಾಗೆ ಇಟ್ಟುಕೊಳ್ಳಬಹುದು ಎಂಬ ಒಂದೇ ಕಾರಣಕ್ಕೆ ಕೊಳ್ಳುವವರು ಹೆಚ್ಚು, ಆದರೆ ಆ ಎತ್ತರ ಹೇಗೆ ಬದಲಾಗುತ್ತದೆ ಎಂಬುದು ಮುಖ್ಯ. ಅಗ್ಗದ ಬಗೆಯಲ್ಲಿ ಸ್ಪ್ರಿಂಗ್ ಕೂರುವ ರಿಂಗನ್ನೇ ಕೆಳಗಿಳಿಸುತ್ತಾರೆ. ಇಳಿಸಿದಷ್ಟೂ ಓಡಾಟ ಹೋಗುತ್ತದೆ. ಬಿಸಿ ರೇಸಿಂಗ್‌ನಂಥವುಗಳಲ್ಲಿ ಶಾಕ್‌ನ ಕೆಳಗಿನ ಬ್ರಾಕೆಟ್ ಬೇರೆ ಇರುತ್ತದೆ, ಅದನ್ನು ತಿರುಗಿಸಿ ಎತ್ತರ ಬದಲಿಸಿದರೆ ಸ್ಪ್ರಿಂಗ್‌ನ ಬಿಗಿ, ಶಾಕ್‌ನ ಓಡಾಟ ಹಾಗೇ ಉಳಿಯುತ್ತವೆ. ಇನ್ನು ಸ್ಪ್ರಿಂಗ್ ದರ, ಅಂದರೆ ಸ್ಪ್ರಿಂಗ್ ಒಂದು ಮಿ.ಮೀ. ಕುಗ್ಗಲು ಬೇಕಾದ ಭಾರ. ಸಣ್ಣ ಹ್ಯಾಚ್‌ಬ್ಯಾಕಿನ ಕಂಪನಿ ಸ್ಪ್ರಿಂಗ್ ಮುಂದೆ ಸುಮಾರು 2ರಿಂದ 3 ಕೆ.ಜಿ./ಮಿ.ಮೀ. ಇದ್ದರೆ, ಟ್ರ್ಯಾಕ್ ಕಡೆ ವಾಲಿದ ಕಿಟ್‌ಗಳು 5-6ರಲ್ಲಿ ಬರುತ್ತವೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಅದು ಹಬ್ಬ. ಹೊಸೂರು ರಸ್ತೆಯ ಎತ್ತರಿಸಿದ ದಾರಿಯ ಎಕ್ಸ್‌ಪಾನ್ಷನ್ ಜಾಯಿಂಟ್‌ಗಳ ಮೇಲೆ ಚಕ್ರ ನೆಲ ಬಿಟ್ಟು ಹಾರುತ್ತಿರುತ್ತದೆ, ಹಾರಿದ ಟೈರಿಗೆ ಗ್ರಿಪ್ ಇಲ್ಲ. ಊರೊಳಗೆ ಓಡಿಸುವವರು ಆರ್ಡರ್ ಮಾಡುವಾಗಲೇ ಕಡಿಮೆ ದರದ ಸ್ಪ್ರಿಂಗ್ ಕೇಳಬೇಕು. ಹಲವು ತಯಾರಕರು ಕೊಡುತ್ತಾರೆ. ಮಳೆಗಾಲದ ಕೆಸರು ಥ್ರೆಡ್‌ಗಳಲ್ಲಿ ಕೂತು ಒಣಗಿದರೆ ರಿಂಗ್ ಜಾಮ್ ಆಗುತ್ತದೆ. ಆರು ತಿಂಗಳಿಗೊಮ್ಮೆ ತೊಳೆದು, ಬ್ರಷ್ ಹಾಕಿ, ಆ್ಯಂಟಿ-ಸೀಜ್ ಗ್ರೀಸ್ ಹಚ್ಚುವಷ್ಟು ವ್ಯವಧಾನ ಇಲ್ಲದವರು ಸ್ಪ್ರಿಂಗ್-ಶಾಕ್ ಜೋಡಿಯಲ್ಲೇ ಇರುವುದು ಒಳ್ಳೆಯದು.

ಸ್ಪ್ರಿಂಗ್ ಬದಲು ಗಾಳಿಚೀಲ ಇರುವ ಏರ್ ಸಸ್ಪೆನ್ಷನ್ ನೋಟಕ್ಕೆ ಎಲ್ಲಕ್ಕಿಂತ ಮೇಲು: ನಿಂತಾಗ ನೆಲಕ್ಕೆ, ಹಂಪ್ ಬಂದರೆ ಮೇಲಕ್ಕೆ. ಕಂಪ್ರೆಸರ್ ಮತ್ತು ಟ್ಯಾಂಕ್ ಡಿಕ್ಕಿಯ ಜಾಗ ತಿನ್ನುತ್ತವೆ, ಪೈಪ್ ಸೋರಿದರೆ ಗಾಡಿ ದಾರಿಯಲ್ಲೇ ಕೂರುತ್ತದೆ. ಹಿಡಿತಕ್ಕಾಗಿ ಇದನ್ನು ಆರಿಸಬೇಡಿ.

ಗಮನಕ್ಕೇ ಬಾರದ ಆಯ್ಕೆ ಇನ್ನೊಂದಿದೆ: ಸ್ಪ್ರಿಂಗ್ ಮುಟ್ಟದೆ ಒಳ್ಳೆಯ ಶಾಕ್ ಮಾತ್ರ ಹಾಕಿಸುವುದು, ಹಿಂದಿನ ಎರಡು ಚಕ್ರ ಕೂಡಿಸುವ ಬೀಮ್‌ಗೆ ಬೋಲ್ಟ್ ಮಾಡುವ, ವಾಲುವುದನ್ನು ತಡೆಯುವ ಆ್ಯಂಟಿ-ರೋಲ್ ಬಾರ್ ಸಿಕ್ಕರೆ ಅದನ್ನು ಸೇರಿಸುವುದು. ಓಡಾಟ ಒಂದು ಮಿಲಿಮೀಟರ್ ಕೂಡ ಹೋಗುವುದಿಲ್ಲ. ಹಂಪ್ ಮೇಲೆ ತಳ ಉಜ್ಜುವುದಿಲ್ಲ. ತಿರುವಿನಲ್ಲಿ ವಾಲುವುದು ಕಡಿಮೆಯಾಗುತ್ತದೆ, ಮುಂದಿನ ಚಕ್ರದ ಗಾಡಿಗಳ ಹೊರಕ್ಕೆ ಓಡುವ ಚಾಳಿ ತಗ್ಗುತ್ತದೆ. ಕನಕಪುರ ರಸ್ತೆಯಲ್ಲಿ ಗುಂಡಿ ತಪ್ಪಿಸಲು ಎಡಕ್ಕೆ ಬಲಕ್ಕೆ ಎಳೆಯುವಾಗ ಈ ಗಾಡಿ 45 ಮಿ.ಮೀ. ಇಳಿಸಿದ ಗಾಡಿಗಿಂತ ಹೆಚ್ಚು ಹಿಡಿತದಲ್ಲಿರುತ್ತದೆ. ಫೋಟೋದಲ್ಲಿ ಮಾತ್ರ ಏನೂ ಕಾಣುವುದಿಲ್ಲ. ಹ್ಯಾಂಡ್ಲಿಂಗ್ ಬೇಕು ಎಂದು ಬಾಯಲ್ಲಿ ಹೇಳುವವರು ನಿಜಕ್ಕೂ ಅದನ್ನೇ ಬಯಸುತ್ತಾರೋ ಇಲ್ಲವೋ ಎಂಬುದು ಈ ಆಯ್ಕೆ ಮುಂದಿಟ್ಟಾಗ ತಿಳಿಯುತ್ತದೆ. ಬಾರ್‌ಗೂ ಒಂದು ಕೊರತೆ ಇದೆ: ಒಂದೇ ಬದಿಯ ಚಕ್ರ ಗುಂಡಿಗೆ ಬಿದ್ದಾಗ ಇಡೀ ಗಾಡಿ ಅಡ್ಡಡ್ಡ ಅಲುಗುತ್ತದೆ.

ತದ್ವಿರುದ್ಧ ದಾರಿ ಹಿಡಿದು ಎತ್ತರ ಹೆಚ್ಚಿಸಿಕೊಳ್ಳುವವರಿಗೂ ಒಂದು ಮಾತು. ಸ್ಪ್ರಿಂಗ್ ಸುತ್ತುಗಳ ನಡುವೆ ತುರುಕುವ ರಬ್ಬರ್ ಬಫರ್ ಒಂದು ಸುತ್ತನ್ನು ಕೆಲಸದಿಂದ ತೆಗೆದುಹಾಕುತ್ತದೆ, ಉಳಿದ ಸುತ್ತುಗಳ ಮೇಲೆ ಭಾರ ಹೆಚ್ಚುತ್ತದೆ, ಗಟ್ಟಿಯಾದ ಸ್ಪ್ರಿಂಗ್ ಹಿಂದಕ್ಕೆ ಚಿಮ್ಮುವುದನ್ನು ಹಳೆಯ ಶಾಕ್ ತಡೆಯಲಾರದು. ಹಿಂದಿನ ಸ್ಪ್ರಿಂಗ್ ಕುಸಿದಿದ್ದರೆ ಕಂಪನಿಯದ್ದೇ ಹೊಸ ಸ್ಪ್ರಿಂಗ್ ಹಾಕಿಸಿ, ಕಳೆದುಹೋದ ಎತ್ತರ ವಾಪಸ್ ಬರುತ್ತದೆ.

ಅಲಾಯ್ ಮತ್ತು ಟೈರ್

ಮಡ್‌ಗಾರ್ಡ್ ಖಾಲಿ ಕಾಣುವುದು ಅರ್ಧ ಎತ್ತರದಿಂದ, ಅರ್ಧ ಚಕ್ರ ಒಳಕ್ಕೆ ಹುದುಗಿರುವುದರಿಂದ. ಹಾಗಾಗಿ ಅಗಲ ಮತ್ತು ಆಫ್‌ಸೆಟ್ (ಬೋಲ್ಟ್ ಕೂರುವ ಮುಖ ರಿಮ್‌ನ ನಡುಗೆರೆಯಿಂದ ಎಷ್ಟು ಮಿ.ಮೀ. ಹೊರಗಿದೆ ಎಂಬ ಅಳತೆ; ರಿಮ್ ಮೇಲೆ ಇಟಿ ಎಂದಿರುತ್ತದೆ) ಸರಿ ಮಾಡಿಕೊಂಡರೆ 20 ಮಿ.ಮೀ. ಇಳಿಸಿದ ಗಾಡಿಯೂ 40 ಇಳಿಸಿದ ಹಾಗೆ ಕಾಣುತ್ತದೆ. ನೋಟಕ್ಕೆ ದುಡ್ಡು ಹಾಕುವುದಿದ್ದರೆ ಇಲ್ಲಿ ಹಾಕಿ.

185/65 ಆರ್15 (185 ಮಿ.ಮೀ. ಅಗಲ, ಗೋಡೆ ಅದರ ಶೇ. 65, ರಿಮ್ 15 ಇಂಚು) ಬರುವ ಗಾಡಿಯನ್ನು ಉದಾಹರಣೆಗೆ ಇಟ್ಟುಕೊಂಡರೆ ಟೈರ್ ಅಳತೆಗಳು ಹೀಗಾಗುತ್ತವೆ:

| ಟೈರ್ | ಪಕ್ಕದ ಗೋಡೆ (ಮಿ.ಮೀ.) | ಒಟ್ಟು ವ್ಯಾಸ (ಮಿ.ಮೀ.) | ವ್ಯತ್ಯಾಸ |
|---|---|---|---|
| 185/65 ಆರ್15 | 120 | 621.5 | ಮೂಲ |
| 195/60 ಆರ್15 | 117 | 615 | -1.0% |
| 195/55 ಆರ್16 | 107 | 621 | -0.1% |
| 205/50 ಆರ್16 | 102.5 | 611.5 | -1.6% |
| 205/45 ಆರ್17 | 92 | 616 | -0.8% |
| 215/35 ಆರ್18 | 75 | 607.5 | -2.2% |

ವ್ಯಾಸದ ವ್ಯತ್ಯಾಸ ಸ್ಪೀಡೋಮೀಟರನ್ನು ತಪ್ಪಿಸುತ್ತದೆ, ಎಬಿಎಸ್ ಲೆಕ್ಕವನ್ನೂ ಸ್ವಲ್ಪ ಬದಲಿಸುತ್ತದೆ, ಶೇ. 2ರ ಒಳಗೆ ಇಡಿ. ಆದರೆ ಬೆಂಗಳೂರಿನಲ್ಲಿ ನೋಡಬೇಕಾದ ಕಾಲಂ ಎರಡನೆಯದು. 16ಕ್ಕೆ ಹೋದರೆ ರಬ್ಬರ್ ಗೋಡೆಯಲ್ಲಿ 13 ಮಿ.ಮೀ. ಕಳೆದುಕೊಳ್ಳುತ್ತೀರಿ, ಬದಲಿಗೆ ಸ್ಟೀರಿಂಗ್ ಚುರುಕಾಗುತ್ತದೆ. ಇದು ಒಳ್ಳೆಯ ವ್ಯಾಪಾರ. 17ರಲ್ಲಿ 28 ಹೋಗುತ್ತದೆ. ಹಿಡಿತ ಆ ಪ್ರಮಾಣದಲ್ಲಿ ಹೆಚ್ಚುವುದಿಲ್ಲ, ನೋಟ ಹೆಚ್ಚುತ್ತದೆ. 18ರಲ್ಲಿ ಉಳಿಯುವ 75 ಮಿ.ಮೀ. ಗೋಡೆ, ಮಳೆನೀರು ತುಂಬಿ ಆಳ ಕಾಣದ ಗುಂಡಿಯ ಅಂಚಿಗೆ ಬಡಿದಾಗ ರಿಮ್ ಮತ್ತು ಕಾಂಕ್ರೀಟ್ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ. ಒಳಗಿನ ನೂಲು ಕಡಿದು ಗೋಡೆ ಗುಳ್ಳೆಯ ಹಾಗೆ ಉಬ್ಬುತ್ತದೆ. ಉಬ್ಬಿದ ಟೈರಿಗೆ ರಿಪೇರಿ ಇಲ್ಲ, ಎಕ್ಸ್‌ಪ್ರೆಸ್‌ವೇಯಲ್ಲಿ ಒಡೆಯುವುದು ಅಂಥದ್ದೇ. ಆ ದಿನವೇ ಬದಲಿಸಿ.

ಅಗಲ ಮತ್ತು ಆಫ್‌ಸೆಟ್ ಒಟ್ಟಿಗೆ ಲೆಕ್ಕ ಹಾಕಬೇಕು. ಈಗಿನ ರಿಮ್ 6 ಇಂಚು ಅಗಲ, ಇಟಿ 45 ಎನ್ನೋಣ. ಅಂಗಡಿಯಲ್ಲಿ ಇಷ್ಟವಾದದ್ದು 7 ಇಂಚು, ಇಟಿ 35. ಒಂದು ಇಂಚು ಅಗಲ ಎರಡೂ ಬದಿಗೆ 12.7 ಮಿ.ಮೀ.ನಂತೆ ಹಂಚಿಕೊಳ್ಳುತ್ತದೆ. ಇಟಿ 10 ಕಡಿಮೆಯಾದ್ದರಿಂದ ಇಡೀ ಚಕ್ರ 10 ಮಿ.ಮೀ. ಹೊರಕ್ಕೆ ಬರುತ್ತದೆ. ಅಲ್ಲಿಗೆ ಹೊರ ಅಂಚು 22.7 ಮಿ.ಮೀ. ಹೊರಕ್ಕೆ, ಒಳ ಅಂಚು 2.7 ಮಿ.ಮೀ. ಶಾಕ್ ಕಡೆಗೆ. ಫೋಟೋಗೆ ಚೆಂದ. ಆದರೆ ಚಕ್ರ ಹೊರಹೋದಷ್ಟೂ ಬೇರಿಂಗ್ ಮೇಲೆ ಭಾರ, ಬ್ರೇಕ್ ಹಾಕಿದಾಗ ಗುಂಡಿ ಸಿಕ್ಕರೆ ಸ್ಟೀರಿಂಗ್ ಕೈಯಿಂದ ಎಳೆದುಕೊಳ್ಳುತ್ತದೆ. ಕಂಪನಿ ಇಟಿಗಿಂತ 5-7 ಕಡಿಮೆಯ ಒಳಗೇ ಇರಿ. ಹೊಂದದ ರಿಮ್ ಕೊಂಡು ಆಮೇಲೆ ರಿಮ್ ಹಿಂದೆ ಸ್ಪೇಸರ್ ಬಿಲ್ಲೆ ಹಾಕಿ ಸರಿಪಡಿಸುವ ಯೋಚನೆ ಬೇಡ.

ತೂಕದ ಬಗ್ಗೆ ಕೇಳುವವರೇ ಇಲ್ಲ, ಹಿಡಿತಕ್ಕೆ ಅದೇ ದೊಡ್ಡ ವಿಷಯ. ಸ್ಪ್ರಿಂಗ್ ಕೆಳಗಿನ ಭಾರ ಹೆಚ್ಚಿದಷ್ಟೂ ಚಕ್ರ ರಸ್ತೆಯ ಏರಿಳಿತ ಹಿಂಬಾಲಿಸುವುದು ತಡವಾಗುತ್ತದೆ, ಶಾಕ್ ಬೇಗ ಸುಸ್ತಾಗುತ್ತದೆ, ಸಿಗ್ನಲ್‌ನಿಂದ ಎಳೆಯುವುದೂ ಮಂದವಾಗುತ್ತದೆ. ಕ್ಯಾಸ್ಟ್ ಮಾಡಿದ ಅಗ್ಗದ 17 ಇಂಚಿನ ನಕಲು ವಿನ್ಯಾಸಗಳು 10-11 ಕೆ.ಜಿ. ತೂಗುವುದು ಸಾಮಾನ್ಯ, ಎರಕದ ನಂತರ ಅಂಚನ್ನು ಉರುಳೆಯಿಂದ ಒತ್ತಿ ಫ್ಲೋ ಫಾರ್ಮ್ ಮಾಡಿದವು ಅದೇ ಅಳತೆಯಲ್ಲಿ ಹಗುರವಾಗಿದ್ದು ಬಡಿತಕ್ಕೂ ಚೆನ್ನಾಗಿ ತಡೆಯುತ್ತವೆ. ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿಯನ್ನು ಜೇಬಲ್ಲಿಟ್ಟುಕೊಂಡು ಹೋಗಿ, ನಿಮ್ಮ ಹಳೆಯ ರಿಮ್ಮನ್ನೂ ಹೊಸದನ್ನೂ ಟೈರ್ ಇಲ್ಲದೆ ತೂಗಿ ನೋಡಿ. ಒಂದು ಚಕ್ರಕ್ಕೆ ಒಂದೂವರೆ ಕೆ.ಜಿ.ಗಿಂತ ಹೆಚ್ಚು ಏರಿದರೆ ಆ ವಿನ್ಯಾಸ ಬಿಟ್ಟುಬಿಡಿ. ರಿಮ್‌ನ ಹಿಂಬದಿ ತಿರುಗಿಸಿ ಐಎಸ್‌ಐ ಗುರುತು ಅಥವಾ ಜಪಾನಿನ ಜೆಡಬ್ಲ್ಯುಎಲ್ ಗುರುತು, ಇಟಿ ಸಂಖ್ಯೆ, ಹೊರಬಲ್ಲ ಭಾರ ಅಚ್ಚಾಗಿವೆಯೇ ಎಂದೂ ನೋಡಿ. ಏನೂ ಇಲ್ಲದ ನುಣುಪಾದ ಬೆನ್ನಿನ ರಿಮ್ ಎಷ್ಟೇ ಅಗ್ಗವಾಗಿದ್ದರೂ ಬೇಡ. ಬೆಂಡ್ ತೆಗೆಸಿ, ಬಿರುಕಿಗೆ ವೆಲ್ಡ್ ಹಾಕಿ, ಬಣ್ಣ ಬಳಿದು ಮಾರುವ ಸೆಕೆಂಡ್‌ಹ್ಯಾಂಡ್ ರಿಮ್‌ಗಳೂ ಸಿಗುತ್ತವೆ. ಒಳಬದಿಯಲ್ಲಿ ಬಣ್ಣ ಒಂದೇ ಕಡೆ ದಪ್ಪಗಿದ್ದರೆ ಅನುಮಾನಪಡಿ.

ಇನ್ನು ನಡುವಿನ ತೂತು. ಸ್ವಿಫ್ಟ್, ಐ20ಗಳಿಗೆ 54.1 ಮಿ.ಮೀ., ಪೋಲೋ, ವರ್ಟಸ್‌ಗಳಿಗೆ 57.1. ಅಂಗಡಿಯ ರಿಮ್‌ಗಳ ತೂತು ಎಲ್ಲಕ್ಕೂ ಹೊಂದಲೆಂದು ದೊಡ್ಡದಿರುತ್ತದೆ. ನಡುವೆ ಆ ಸಂದು ತುಂಬುವ ಸರಿಯಾದ ಹಬ್ ರಿಂಗ್ ಇಲ್ಲದಿದ್ದರೆ ಬ್ಯಾಲೆನ್ಸಿಂಗ್ ಎಷ್ಟು ಸಲ ಮಾಡಿಸಿದರೂ 80-100ರ ವೇಗದಲ್ಲಿ ಸ್ಟೀರಿಂಗ್ ನಡುಗುವುದು ನಿಲ್ಲುವುದಿಲ್ಲ. ಫೋಕ್ಸ್‌ವ್ಯಾಗನ್, ಸ್ಕೋಡಾ ಇರುವವರು ಇನ್ನೊಂದನ್ನು ನೋಡಬೇಕು. ಕಂಪನಿ ಬೋಲ್ಟ್‌ನ ಕೂರುವ ಭಾಗ ಗೋಲಾಕಾರ, ಹೊರಗಿನ ಹೆಚ್ಚಿನ ಅಲಾಯ್‌ಗಳಿಗೆ ಬೇಕಾದದ್ದು ಶಂಕುವಿನಾಕಾರ. ಹಳೆಯ ಬೋಲ್ಟ್‌ಗಳನ್ನೇ ಹಾಕಿ ಬಿಗಿದರೆ ಅಂಚಿನ ಒಂದು ಗೆರೆಯಲ್ಲಷ್ಟೇ ತಾಗಿ ಕೂತು, ಓಡುತ್ತ ಓಡುತ್ತ ಸಡಿಲವಾಗುತ್ತವೆ. ಸುಜುಕಿಯ ನಟ್ ಥ್ರೆಡ್ 12×1.25, ಹ್ಯುಂಡೈ, ಹೋಂಡಾಗಳದ್ದು 12×1.5. ನೋಡಲು ಒಂದೇ ಥರ, ಏರ್ ಗನ್‌ನಲ್ಲಿ ಬಲವಂತವಾಗಿ ಕೂರಿಸಿದರೆ ಸ್ಟಡ್ ಹಾಳು.

ಟೈರಿನ ಲೋಡ್ ಇಂಡೆಕ್ಸ್ ಕಂಪನಿಯದಕ್ಕಿಂತ ಕಡಿಮೆ ಇರಬಾರದು: 82 ಎಂದರೆ 475 ಕೆ.ಜಿ., 88 ಎಂದರೆ 560. ಗೋಡೆಯ ಮೇಲಿನ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2324 ಎಂದಿದ್ದರೆ 2024ರ 23ನೇ ವಾರ. ಎರಡು ವರ್ಷ ಗೋದಾಮಿನಲ್ಲಿದ್ದ ಟೈರಿಗೆ ಹೊಸ ಟೈರಿನ ಬೆಲೆ ಕೊಡಬೇಡಿ. ಒಂದೇ ಸಲ ಖರ್ಚು ಮಾಡುವಷ್ಟು ದುಡ್ಡಿದ್ದು ಹಿಡಿತವೇ ಬೇಕೆಂದರೆ, 15ರ ರಿಮ್ ಹಾಗೇ ಇಟ್ಟು ಒದ್ದೆ ರಸ್ತೆಯಲ್ಲಿ ಒಳ್ಳೆಯ ಹಿಡಿತವಿರುವ ಟೈರ್ ನಾಲ್ಕನ್ನು ಹಾಕಿಸಿ. ಬ್ರೇಕ್ ದೂರ, ತಿರುವು, ಮಳೆ ಮೂರರಲ್ಲೂ ಅದರಷ್ಟು ವ್ಯತ್ಯಾಸ ಬೇರೆ ಯಾವುದೂ ಕೊಡುವುದಿಲ್ಲ.

ಫಿಟ್ಟಿಂಗ್ ದಿನ ಪಕ್ಕದಲ್ಲೇ ನಿಲ್ಲಿ

ಸ್ಪ್ರಿಂಗ್ ಬದಲಿಸಲು ಶಾಕ್ ಹೇಗೂ ಬಿಚ್ಚುತ್ತಾರೆ. ಟಾಪ್ ಮೌಂಟ್, ಬೇರಿಂಗ್, ಬಂಪ್ ಸ್ಟಾಪ್, ಡಸ್ಟ್ ಕವರ್ ಆಗಲೇ ಹೊಸದು ಹಾಕಿಸಿ. ಹಳೆ ಬೇರಿಂಗ್ ಮೇಲೆ ಗಟ್ಟಿ ಸ್ಪ್ರಿಂಗ್ ಕೂತರೆ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟಣ್ ಎಂದು ಸದ್ದು ಬರುತ್ತದೆ, ಮತ್ತೆ ಎಲ್ಲ ಬಿಚ್ಚಬೇಕು. ಬಂಪ್ ಸ್ಟಾಪ್ ಎಷ್ಟು ಕತ್ತರಿಸಬೇಕೆಂದು ಸ್ಪ್ರಿಂಗ್ ಜೊತೆಯ ಹಾಳೆಯಲ್ಲಿ ಇದ್ದರೆ ಅಷ್ಟೇ ಕತ್ತರಿಸಿ. ಪೂರ್ತಿ ತೆಗೆದುಹಾಕುವ ಮೆಕ್ಯಾನಿಕ್‌ಗಳಿದ್ದಾರೆ, ಅದನ್ನು ಮಾತ್ರ ಒಪ್ಪಬೇಡಿ. ಶಾಕ್‌ನ ಒಳಗೆ ಲೋಹಕ್ಕೆ ಲೋಹ ಬಡಿಯುತ್ತದೆ.

ಹೆಚ್ಚಿನ ಕಡೆ ತಪ್ಪುವ ಹೆಜ್ಜೆ ಒಂದಿದೆ. ಲೋವರ್ ಆರ್ಮ್ ಮತ್ತು ಹಿಂದಿನ ಬೀಮ್‌ನ ಬುಶ್ ಬೋಲ್ಟ್‌ಗಳನ್ನು ಗಾಡಿ ಲಿಫ್ಟ್ ಮೇಲೆ, ಚಕ್ರ ಜೋತುಬಿದ್ದಾಗಲೇ ಬಿಗಿದುಬಿಡುತ್ತಾರೆ. ಬುಶ್‌ನ ರಬ್ಬರ್ ಆ ಸ್ಥಿತಿಯಲ್ಲಿ ಅಂಟಿಕೊಂಡು, ಗಾಡಿ ಕೆಳಗಿಳಿದಾಗ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಬೋಲ್ಟ್ ಸಡಿಲ ಬಿಟ್ಟು, ಚಕ್ರದ ಮೇಲೆ ಗಾಡಿಯ ಭಾರ ಬಿದ್ದ ಮೇಲೆ ಬಿಗಿಯಬೇಕು. ರ್‍ಯಾಂಪ್ ಇಲ್ಲದಿದ್ದರೆ ಆರ್ಮ್ ಕೆಳಗೆ ಜಾಕ್ ಕೊಟ್ಟು, ಚಕ್ರದ ನಡುವಿನಿಂದ ಮಡ್‌ಗಾರ್ಡ್‌ವರೆಗಿನ ಅಳತೆ ಹೊಸ ಎತ್ತರಕ್ಕೆ ಬರುವ ತನಕ ಎತ್ತಿ ಬಿಗಿಯಬಹುದು.

ಟೈರ್ ತಾಗುತ್ತದೆಯೇ ಎಂದು ನೋಡಲು ಗಾಡಿಯನ್ನು ಸುಮ್ಮನೆ ಒಂದು ಸುತ್ತು ಓಡಿಸಿದರೆ ಸಾಲದು. ಹಿಂದೆ ಮೂರು ಜನರನ್ನು ಕೂರಿಸಿ, ಮುಂದಿನ ಒಂದು ಚಕ್ರವನ್ನು ಇಟ್ಟಿಗೆ ಎತ್ತರದ ಮರದ ದಿಮ್ಮಿ ಮೇಲೆ ಹತ್ತಿಸಿ, ಸ್ಟೀರಿಂಗ್ ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ನೋಡಿ. ಹಿಂದಿನ ಚಕ್ರಕ್ಕೂ ದಿಮ್ಮಿ ಕೊಡಿ. ಒಳಗಿನ ಪ್ಲಾಸ್ಟಿಕ್ ಲೈನರ್‌ನಲ್ಲಿ ಹೊಳೆಯುವ ಗೀರು ಕಂಡರೆ ತಾಗಿದೆ ಎಂದೇ ಅರ್ಥ.

ವೀಲ್ ಬೋಲ್ಟ್‌ಗಳನ್ನು ಕೈಪಿಡಿಯಲ್ಲಿರುವ ಟಾರ್ಕ್‌ಗೆ ಟಾರ್ಕ್ ರೆಂಚ್‌ನಲ್ಲೇ ಬಿಗಿಯಿಸಿ; ಪೋಲೋಗೆ ಅದು 120 ನ್ಯೂಟನ್ ಮೀಟರ್. 50-100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಿ. ಫಿಟ್ ಮಾಡಿದ ದಿನವೇ ಒಮ್ಮೆ ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವುದು) ಸರಿಮಾಡಿಸಿ, ಸ್ಪ್ರಿಂಗ್ ಕೂತುಕೊಳ್ಳಲು 200-300 ಕಿ.ಮೀ. ಬಿಟ್ಟು ಪೂರ್ತಿ ಅಲೈನ್‌ಮೆಂಟ್ ಮಾಡಿಸಿ, ಮುಂಚಿನ ಮತ್ತು ನಂತರದ ಪ್ರಿಂಟ್ ಎರಡನ್ನೂ ಕೇಳಿ ಪಡೆಯಿರಿ. ಮುಂದಿನ ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವ ಕೋನ; ಮೈನಸ್ ಎಂದರೆ ಒಳಕ್ಕೆ) ಮೈನಸ್ 1ರಿಂದ 1.5 ಡಿಗ್ರಿ, ಎಡಬಲ ವ್ಯತ್ಯಾಸ ಅರ್ಧ ಡಿಗ್ರಿಯೊಳಗೆ, ಟೋ ಸೊನ್ನೆಯ ಹತ್ತಿರ ಇದ್ದರೆ ಊರಿಗೂ ಬೆಟ್ಟಕ್ಕೂ ಸರಿ. ಟೈರಿನ ಒಳ ಅಂಚು ಸವೆಯುತ್ತಿದ್ದರೆ ಕ್ಯಾಂಬರ್ ಎಂದು ಕೈಚೆಲ್ಲುವ ಮುನ್ನ ಟೋ ನೋಡಿಸಿ, ಹೆಚ್ಚಿನ ಸಲ ತಪ್ಪು ಅಲ್ಲಿರುತ್ತದೆ. ಹೆಡ್‌ಲೈಟ್ ಎತ್ತರವನ್ನೂ ಮತ್ತೆ ಹೊಂದಿಸಿ. ಮುಂದೆ ಕ್ಯಾಮೆರಾ, ರಾಡಾರ್ ಇರುವ ಗಾಡಿಯಾದರೆ ಎತ್ತರ ಬದಲಾದ ಮೇಲೆ ಅವುಗಳ ಕ್ಯಾಲಿಬ್ರೇಷನ್ ಬೇಕಾಗುತ್ತದೆ, ಆ ಖರ್ಚನ್ನು ಮೊದಲೇ ಕೇಳಿಕೊಳ್ಳಿ.

ಆರ್‌ಸಿ, ಇನ್ಶೂರೆನ್ಸ್

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿನ ವಿವರಗಳು ತಯಾರಕರು ಮೂಲತಃ ಹೇಳಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ಅದೇ ಮಾಡೆಲ್‌ನ ಮೇಲಿನ ವೇರಿಯಂಟ್‌ಗೆ ಕಂಪನಿಯೇ ಕೊಡುವ ರಿಮ್-ಟೈರ್ ಅಳತೆಯಲ್ಲಿ ಉಳಿದರೆ ತಕರಾರು ಬರುವ ಸಂಭವ ಅತಿ ಕಡಿಮೆ. ಮಡ್‌ಗಾರ್ಡ್‌ನಿಂದ ಹೊರಚಾಚಿದ ಟೈರ್, ಕಣ್ಣಿಗೆ ಹೊಡೆಯುವಷ್ಟು ಇಳಿದ ಗಾಡಿ ಪೊಲೀಸರ ಕಣ್ಣಿಗೂ ಹೊಡೆಯುತ್ತದೆ. ಇನ್ಶೂರೆನ್ಸ್ ಕಂಪನಿಗೆ ಅಲಾಯ್, ಸಸ್ಪೆನ್ಷನ್ ಬದಲಿಸಿದ್ದನ್ನು ಬರವಣಿಗೆಯಲ್ಲಿ ತಿಳಿಸಿ, ಪಾಲಿಸಿಯಲ್ಲಿ ನಮೂದಾದ ಪ್ರತಿ ಇಟ್ಟುಕೊಳ್ಳಿ. ತಿಳಿಸದಿದ್ದರೆ ಕ್ಲೇಮ್ ತಿರಸ್ಕರಿಸಲು ಅವರ ಕೈಗೆ ನೀವೇ ಕಾರಣ ಕೊಟ್ಟಂತೆ.

ಯಾರಿಗೆ ಯಾವುದು

ಮಾರತ್ತಹಳ್ಳಿ-ವೈಟ್‌ಫೀಲ್ಡ್ ಕಡೆ ದಿನಾ ಟ್ರಾಫಿಕ್‌ನಲ್ಲಿ ಓಡಿಸಿ, ಮನೆಯವರನ್ನೆಲ್ಲ ಕೂರಿಸಿಕೊಂಡು ಊರಿಗೆ ಹೋಗುವ ಗಾಡಿ: ಕಂಪನಿ ಸ್ಪ್ರಿಂಗ್, ಒಳ್ಳೆಯ ಶಾಕ್, 16ರ ಹಗುರ ರಿಮ್, 195/55. ಚಕ್ರವನ್ನು ಆಫ್‌ಸೆಟ್‌ನಲ್ಲಿ 5 ಮಿ.ಮೀ. ಹೊರತಂದರೆ ನೋಟಕ್ಕೂ ಮೋಸವಿಲ್ಲ.

ವಾರದ ದಿನ ಮೆಟ್ರೋ, ಭಾನುವಾರ ಬೆಳಗ್ಗೆ ನಂದಿ ಬೆಟ್ಟ ಅಥವಾ ಸಾವನದುರ್ಗದ ಕಡೆ ಎನ್ನುವವರು 25 ಮಿ.ಮೀ. ಸ್ಪ್ರಿಂಗ್ ಮತ್ತು ಅದರ ಜೋಡಿ ಶಾಕ್‌ಗೆ ಹೋಗಬಹುದು. ನಮ್ಮ ಮಟ್ಟಿಗೆ ಈ ಊರಿನಲ್ಲಿ ನೋಟ, ಹಿಡಿತ ಎರಡೂ ಪೂರ್ತಿ ದಕ್ಕುವುದು ಇದೊಂದೇ ಹಂತದಲ್ಲಿ. ಟ್ರ್ಯಾಕ್‌ಗೆ ನಿಜವಾಗಿಯೂ ಹೋಗುವವರಿಗೆ ಕಾಯಿಲೋವರ್, ಅದಕ್ಕೊಂದು ಬೇರೆ ಸೆಟ್ 15ರ ರಿಮ್ ಮತ್ತು ಅಂಟುವ ಟೈರ್. ಟ್ರ್ಯಾಕ್‌ನಲ್ಲಿ ಸಣ್ಣ ಹಗುರ ರಿಮ್ಮೇ ವೇಗ.

ನೋಟವೇ ಮುಖ್ಯ, ಗಾಡಿ ತಿಂಗಳಿಗೆ ನಾಲ್ಕು ಸಲ ಹೊರಗೆ ಬರುತ್ತದೆ ಎನ್ನುವುದಾದರೆ ಅದೂ ಸರಿಯಾದ ಆಸೆಯೇ. 17ರ ಹಗುರ ರಿಮ್, 30-35 ಮಿ.ಮೀ. ಇಳಿತ, ಗಿಡ್ಡ ಶಾಕ್. ಗುಂಡಿ ಗೊತ್ತಿರುವ ದಾರಿಯಲ್ಲಿ ಮಾತ್ರ, ರಾತ್ರಿ ಮಳೆಯಲ್ಲಿ ಬೇಡ. ಟೈರಿನ ಗಾಳಿಯನ್ನು ಕಂಪನಿ ಅಳತೆಗಿಂತ 2-3 ಪಿಎಸ್‌ಐ ಹೆಚ್ಚಿಡಿ, ವಾರಕ್ಕೊಮ್ಮೆ ತಣ್ಣಗಿರುವಾಗಲೇ ನೋಡಿ.

ಯಾವ ದಾರಿ ಹಿಡಿದರೂ ಬಿಚ್ಚಿದ ಹಳೆ ಸ್ಪ್ರಿಂಗ್, ಶಾಕ್, ರಿಮ್, ಬೋಲ್ಟ್‌ಗಳನ್ನು ಅಂಗಡಿಯಲ್ಲಿ ಎಕ್ಸ್‌ಚೇಂಜ್‌ಗೆ ಬಿಟ್ಟುಬರಬೇಡಿ. ಎಡ, ಬಲ, ಮುಂದೆ, ಹಿಂದೆ ಎಂದು ಪೇಂಟ್ ಮಾರ್ಕರ್‌ನಲ್ಲಿ ಬರೆದು, ಎಣ್ಣೆ ಸವರಿ, ಗೋಣಿಚೀಲದಲ್ಲಿ ಸುತ್ತಿಡಿ. ಶಾಕ್‌ಗಳನ್ನು ಮಲಗಿಸದೆ ನಿಲ್ಲಿಸಿಯೇ ಇಡಿ. ಗಾಡಿ ಮಾರುವಾಗ, ಫಿಟ್ನೆಸ್‌ಗೆ ಒಯ್ಯುವಾಗ, ಅಥವಾ ಮನೆ ಬದಲಾಗಿ ಹೊಸ ದಾರಿಯ ಹಂಪ್‌ಗಳು ಇಳಿಸಿದ ಗಾಡಿಗೆ ಒಗ್ಗದೇ ಹೋದಾಗ ಅವೇ ಮತ್ತೆ ಬೇಕಾಗುತ್ತವೆ.